ಬೂದಿ ಬಣ್ಣದ ಟಿ.ವಿ.ಯಲ್ಲಿ ಕೆಂಪು ಬಸ್ಸು

ನಮ್ಮ ಮನೆಗೆ ಮೊದಲ ಸಲ ಕಂಪ್ಯೂಟರ್ ಬಂದದ್ದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು, ಯಲಹಂಕದ ಕಡೆಯಿಂದ ಬರುವ ಬಸ್ಸಿನಲ್ಲಿ, ನನ್ನ ನಾದಿನಿಯ ತೊಡೆಯ ಮೇಲೆ ಕೂತು. ಎಂಬತ್ತರ ದಶಕದ ನಡುವಿನ ಮಾತು. ಪಕ್ಕದಲ್ಲಿ ಕೂತವರು ಅದನ್ನು ಹಾರ್ಮೋನಿಯಂ ಎಂದುಕೊಂಡು, ಸಂಗೀತ ಪಾಠ ಹೇಳ್ತೀರಾ ಎಂದು ಕೇಳಿದರಂತೆ. ಇವಳು ಹೌದು ಎಂದಳಂತೆ; ನಿಜ ಹೇಳಿದ್ದರೆ ಆರ್.ಟಿ. ನಗರ ಬರುವವರೆಗೂ ವಿವರಿಸಬೇಕಾಗುತ್ತಿತ್ತು. ಅದು ಹಾರ್ಮೋನಿಯಮ್ಮೇ ಆಗಿದ್ದರೆ ಆ ಬೇಸಿಗೆಯ ಮುಂಚಿನ ದಿನಗಳನ್ನು ನಾನು ಎಷ್ಟು ನೆಮ್ಮದಿಯಾಗಿ ಕಳೆಯುತ್ತಿದ್ದೆನೋ.

ನಾದಿನಿ ನನ್ನ ಯಜಮಾನರ ತಂಗಿ. ಅವರ ಮನೆ ಧಾರವಾಡದ್ದು. ಇವರು ಪೀಣ್ಯದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದರು, ಇವಳು ಬಿ.ಎಸ್ಸಿ. ಮುಗಿಸಿ ಅಣ್ಣನ ಮನೆಗೆ ಬಂದು, ಯಲಹಂಕದ ದಾರಿಯಲ್ಲಿರುವ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಕೆಲಸ ತಾತ್ಕಾಲಿಕ. ಆ ವರ್ಷ ಶಾಲೆಗೆ ಎಲ್ಲಿಂದಲೋ ಒಂದು ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳಲು ಒಬ್ಬರನ್ನು ಜೂನ್‌ನಿಂದ ಖಾಯಂ ಮಾಡಿಕೊಳ್ಳುತ್ತೇವೆ ಎಂದು ಹೆಡ್ ಮಿಸ್ ಹೇಳಿದರು. ತಾತ್ಕಾಲಿಕವಾಗಿ ಇದ್ದವರು ಇಬ್ಬರು: ಇವಳು, ಮತ್ತು ಒಬ್ಬ ಮೇಷ್ಟ್ರು. ಇಬ್ಬರೂ ಒಂದೊಂದು ಪಾಠವನ್ನು ಕಂಪ್ಯೂಟರಿನಲ್ಲಿ ತಯಾರು ಮಾಡಿ ವಾರ್ಷಿಕೋತ್ಸವದ ದಿನ ತೋರಿಸಬೇಕು; ಅದಕ್ಕೆಂದು ಪೆಟ್ಟಿಗೆಯನ್ನು ಸರದಿಯ ಮೇಲೆ ಮನೆಗೆ ಒಯ್ಯಬಹುದು. ಯಾರದು ಮಕ್ಕಳಿಗೆ ಹಿಡಿಸುತ್ತದೋ ಅವರು ಉಳಿಯುತ್ತಾರೆ, ಇನ್ನೊಬ್ಬರು ಮನೆಗೆ.

ಮನೆಗೆ ಎಂದರೆ ಅವಳ ಪಾಲಿಗೆ ಧಾರವಾಡಕ್ಕೆ. ಅತ್ತೆಯವರು ವಾರ ಬಿಟ್ಟು ವಾರ ಪತ್ರ ಬರೆದು ಮಗಳನ್ನು ಕರೆಯುತ್ತಿದ್ದರು. ಕೆಲಸ ಖಾಯಂ ಆದರೆ ಇರಲಿ, ಇಲ್ಲದಿದ್ದರೆ ಜೂನ್ ಹೊತ್ತಿಗೆ ಕಳಿಸಿಬಿಡುತ್ತೇನೆ ಎಂದು ಇವರು ತಾಯಿಗೆ ಮಾತು ಕೊಟ್ಟಾಗಿತ್ತು. ಅವಳಿಗೆ ಹೋಗುವ ಮನಸ್ಸು ಒಂದು ಚೂರೂ ಇರಲಿಲ್ಲ. ಬೆಳಿಗ್ಗೆ ಟಿಫಿನ್ ಬಾಕ್ಸ್ ಹಿಡಿದು ಬಸ್ ಸ್ಟಾಪಿಗೆ ಹೋಗುವಾಗ ಅವಳ ನಡಿಗೆಯಲ್ಲೇ ಅದು ಕಾಣುತ್ತಿತ್ತು. ಚಪ್ಪಲಿಯ ಸದ್ದು ಗೇಟು ದಾಟುವಷ್ಟರಲ್ಲಿ ಓಟವಾಗಿರುತ್ತಿತ್ತು.

ಪಾಠದ ಯೋಚನೆ ಅವಳದೇ, ಚೆನ್ನಾಗಿಯೂ ಇತ್ತು. ಪರದೆಯ ಮೇಲೆ ಒಂದು ಕೆಂಪು ಸಿಟಿ ಬಸ್ಸು ಹೋಗುತ್ತದೆ. ಹೆಬ್ಬಾಳದಲ್ಲಿ ಮೂವರು ಹತ್ತುತ್ತಾರೆ, ಬ್ಯಾಟರಾಯನಪುರದಲ್ಲಿ ಇಬ್ಬರು ಇಳಿಯುತ್ತಾರೆ, ಈಗ ಬಸ್ಸಿನಲ್ಲಿ ಎಷ್ಟು ಜನ? ಎರಡನೇ ಕ್ಲಾಸಿನ ಮಕ್ಕಳು ಕೀಲಿ ಒತ್ತಿ ಉತ್ತರ ಹೇಳಬೇಕು. ಬಸ್ಸು ಓಡಿಸುವ ಲೆಕ್ಕವನ್ನೆಲ್ಲ ಅವಳೇ ಬರೆದಳು. ಆದರೆ ಜನರನ್ನು ಬರೆಯಬೇಕಲ್ಲ. ನನ್ನ ನಾದಿನಿಗೆ ಒಂದು ಮಾವಿನಹಣ್ಣು ಬರೆಯಲು ಹೇಳಿದರೆ ಬದನೆಕಾಯಿ ಬರುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಸಿಸ್ಟರ್ ನಮ್ಮಿಂದ ಚೌಕ ಚೌಕ ನೇಯ್ಗೆಯ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕಿಸಿ ಹಾಕಿಸಿ ಬೆರಳು ಸವೆಸಿದ್ದರು. ನಮ್ಮ ಹಾಲಿನ ಗೋಡೆಯ ಮೇಲೆ ನಾನು ಹಾಕಿದ ಬಾತುಕೋಳಿಗಳು ಫ್ರೇಮಿನಲ್ಲಿ ಕೂತಿದ್ದವು. ನಾದಿನಿ ಅವುಗಳ ಮುಂದೆ ನಿಂತು, ನಾನು ಒಂದೊಂದೇ ಚೌಕ ತುಂಬಿದ್ದನ್ನು ಬೆರಳಿಟ್ಟು ಎಣಿಸಿ ಹೇಳಿದಳು:

"ವೈನಿ, ಕಂಪ್ಯೂಟರ್ನಾಗೂ ಹಿಂಗs ಮಾಡೂದು. ಸೂಜಿ ಇಲ್ಲ ಅಷ್ಟs."

ಅಷ್ಟೇ ಎಂದು ನಾನೂ ನಂಬಿದೆ.

ಮೊದಲನೆಯ ಕಷ್ಟ ಟಿ.ವಿ. ಕಂಪ್ಯೂಟರ್ ಎಂದರೆ ಬರೀ ಕೀಲಿಗಳ ಪೆಟ್ಟಿಗೆ. ಚಿತ್ರ ಕಾಣಬೇಕಾದರೆ ನಮ್ಮ ಟಿ.ವಿ.ಯ ಹಿಂದಿನ ಆಂಟೆನಾ ವೈರು ಕಿತ್ತು ಇದರ ವೈರು ಚುಚ್ಚಬೇಕು, ಆಮೇಲೆ ತಿರುಗಣೆಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಕೂರಬೇಕು. ಎರಡನೆಯದು ಕ್ಯಾಸೆಟ್. ಚಿತ್ರ ಬರೆಯುವ ಪ್ರೋಗ್ರಾಂ ಹಾಡಿನ ಕ್ಯಾಸೆಟ್ಟಿನಂಥದ್ದೇ ಕ್ಯಾಸೆಟ್ಟಿನಲ್ಲಿ ಇರುತ್ತಿತ್ತು. ಟೇಪ್ ರೆಕಾರ್ಡರಿಗೆ ಹಾಕಿ ಒತ್ತಿದರೆ ಗರಗಸದ ಮಿಲ್ಲಿನಂತೆ ಕಿರುಚಿಕೊಳ್ಳುತ್ತಿತ್ತು. ವಾಲ್ಯೂಮ್ ಹೆಚ್ಚಾದರೆ ಪ್ರೋಗ್ರಾಂ ಪೆಟ್ಟಿಗೆಗೆ ಹತ್ತುವುದಿಲ್ಲ, ಕಡಿಮೆಯಾದರೂ ಹತ್ತುವುದಿಲ್ಲ. ಎಲ್ಲ ಸರಿಯಾಗಿ ಇನ್ನೇನು ಬಂತು ಎನ್ನುವಾಗ ಕರೆಂಟು ಹೋಗುತ್ತಿತ್ತು. ನಾನು ಅಡುಗೆಮನೆಯಲ್ಲಿ ಹುಳಿ ಕುದಿಯಲು ಇಟ್ಟು ಬಂದು ಇದರ ಮುಂದೆ ಕೂರುವುದು, ಇದು ಕಿರುಚುವುದು, ಅಲ್ಲಿ ಹುಳಿ ಉಕ್ಕುವುದು. ಇವರು ಆಫೀಸಿನಿಂದ ಬಂದು ವಾರ್ತೆ ನೋಡಬೇಕೆಂದರೆ ಮತ್ತೆ ವೈರು ಕೀಳಬೇಕು. ಕಿತ್ತ ಮೇಲೆ ಮೊದಲಿನಿಂದ ಶುರು.

ಶಾಲೆಯಿಂದ ಬಂದ ಡಬ್ಬದಲ್ಲಿ ಚಿತ್ರ ಬರೆಯುವ ಕ್ಯಾಸೆಟ್ಟುಗಳು ಎರಡಿದ್ದವು. ಒಂದರಲ್ಲಿ ಎಂಟು ಬಣ್ಣ. ಪರದೆಯ ಕೆಳಗಡೆ ಎಂಟು ಚೌಕಗಳ ಸಾಲು. ಬಾಣದ ಕೀಲಿಯಿಂದ ಒಂದು ಚೌಕಕ್ಕೆ ಹೋಗಿ ಆ ಬಣ್ಣ ತೆಗೆದುಕೊಳ್ಳುವುದು. ಆದರೆ ಅದರ ಚುಕ್ಕಿಗಳು ದಪ್ಪ, ಮಲಗಿಸಿದ ಇಟ್ಟಿಗೆಯ ಆಕಾರ. ಇನ್ನೊಂದರಲ್ಲಿ ಚುಕ್ಕಿ ಅದರ ಅರ್ಧದಷ್ಟು, ಚೊಕ್ಕವಾಗಿ ಚೌಕಾಕಾರ. ಆದರೆ ಒಂದು ಚಿತ್ರಕ್ಕೆ ನಾಲ್ಕೇ ಬಣ್ಣ. ಯಾವ ನಾಲ್ಕು ಎನ್ನುವುದನ್ನು ಮೊದಲೇ ಇಂಗ್ಲಿಷ್ ಅಕ್ಷರ ಒತ್ತಿ ಹೇಳಬೇಕು, ಕೆಂಪಿಗೆ ಆರ್, ಹಳದಿಗೆ ವೈ, ಹೀಗೆ. ಈಗ ಆ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರಕ್ಕೆ ಸ್ಪ್ರೈಟ್ ಎನ್ನುತ್ತಾರೆಂದು ಅವಳು ಪುಸ್ತಕ ನೋಡಿ ಹೇಳಿದಳು. ನಮ್ಮ ಕಾನ್ವೆಂಟಿನ ಪಾಠದಲ್ಲಿ ಸ್ಪ್ರೈಟ್ ಎಂದರೆ ರೆಕ್ಕೆಯಿರುವ ಒಂದು ಕಿನ್ನರಿ. ಇಲ್ಲಿ ಛತ್ರಿ ಹಿಡಿದು ಬಸ್ಸಿಗೆ ಕಾಯುವ ಅಜ್ಜ.

ಯಾವುದನ್ನು ಆರಿಸುವುದು? ಎರಡನ್ನೂ ಹಾಕಿ ನೋಡಿದೆವು. ಇಲ್ಲಿ ನಮ್ಮ ಮನೆಯ ಒಂದು ಚಟದ ಬಗ್ಗೆ ಹೇಳಲೇಬೇಕು. ನಮ್ಮ ಟಿ.ವಿ. ಕಪ್ಪು ಬಿಳುಪು. ಭಾನುವಾರದ ಸಿನಿಮಾ ನೋಡುವಾಗ ನಾಯಕಿಯ ಸೀರೆ ಯಾವ ಬಣ್ಣದ್ದು ಎಂದು ನಾವೆಲ್ಲ ಊಹಿಸುತ್ತಿದ್ದೆವು. ಇದು ಮೆರೂನ್, ಇದು ಗಿಳಿಹಸಿರು, ಅಂಚು ಮಾತ್ರ ಸಾಸಿವೆ ಬಣ್ಣ. ಆಮೇಲೆ ಅದೇ ಸಿನಿಮಾವನ್ನು ಟಾಕೀಸಿನಲ್ಲಿ ನೋಡಿದವರು ಬಂದು ಹೌದು ಎಂದರೆ ಗೆದ್ದ ಹಾಗೆ. ನಾನು ಬಹಳ ಸಲ ಗೆದ್ದಿದ್ದೆ. ವಾರ್ತೆ ಓದುವವಳ ಸೀರೆಯನ್ನಂತೂ ನೋಡಿದ ಕೂಡಲೇ ಹೇಳುತ್ತಿದ್ದೆ. ಅಲ್ಲ ಎನ್ನುವವರು ಯಾರೂ ಇರಲಿಲ್ಲ.

ಎಂಟು ಬಣ್ಣದ ಪ್ರೋಗ್ರಾಂ ನಮ್ಮ ಟಿ.ವಿ.ಯಲ್ಲಿ ಎಂಟು ಬಗೆಯ ಬೂದಿ ತೋರಿಸಿತು. ಎಷ್ಟು ಸೊಗಸಾದ ಬೂದಿ! ಕಾಡಿಗೆಯಿಂದ ಹಿಡಿದು ಹಾಲಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇತ್ತು. ನಾಲ್ಕು ಬಣ್ಣದ್ದು ಅದರ ಮುಂದೆ ಬಡಕಲಾಗಿ ಕಂಡಿತು. ಎಂಟರದ್ದೇ ಇರಲಿ ಎಂದು ಇಬ್ಬರೂ ಒಪ್ಪಿದೆವು. ಚೌಕಗಳ ಮೇಲೆ ಬಣ್ಣದ ಹೆಸರು ಬರೆದಿರಲಿಲ್ಲ. ಅದಕ್ಕೇನು, ನಾನಿದ್ದೆನಲ್ಲ. ಕೆಂಪು ಯಾವಾಗಲೂ ಕಪ್ಪಿನ ಹತ್ತಿರ ಕಾಣುತ್ತದೆ, ಆದ್ದರಿಂದ ಕಪ್ಪಿನ ನಂತರದ ಗಾಢ ಬೂದಿ ಕೆಂಪು, ಅದು ಬಸ್ಸಿಗೆ. ನಡುವಿನ ಬೂದಿ ನಮ್ಮ ಗೋಧಿ ಮೈಬಣ್ಣ, ಅದು ಮುಖಗಳಿಗೆ. ಅದಕ್ಕಿಂತ ಒಂಚೂರು ತಿಳಿಯಾದದ್ದು ಕಂಡಕ್ಟರಿನ ಖಾಕಿ. ನಾದಿನಿ ಒಂದು ಸಲವೂ ಅನುಮಾನಪಡಲಿಲ್ಲ.

ಆ ಜನರನ್ನು ಬರೆಯುವಾಗಿನ ಸಂತೋಷವನ್ನು ಮಾತ್ರ ನಾನು ಸುಳ್ಳು ಎನ್ನಲಾರೆ. ಒಂದು ಮುಖಕ್ಕೆ ಅಗಲದಲ್ಲಿ ನಾಲ್ಕೇ ಚುಕ್ಕಿ. ಅದರಲ್ಲೇ ಕಣ್ಣು, ಅದರಲ್ಲೇ ಮೂಗು. ಒಂದು ಚುಕ್ಕಿ ಆಚೆ ಹೋದರೆ ಮನುಷ್ಯನಿಗೆ ಕೋಪ ಬಂದಿರುತ್ತದೆ, ಈಚೆ ಬಂದರೆ ನಿದ್ದೆ. ಜಡೆಗೆ ಮಲ್ಲಿಗೆ ಮುಡಿದ ಹೆಂಗಸು, ಎರಡು ಜಡೆಯ ಸ್ಕೂಲ್ ಹುಡುಗಿ, ಮುಂಗೈಗೆ ಛತ್ರಿ ನೇತುಹಾಕಿದ ಅಜ್ಜ, ಚರ್ಮದ ಚೀಲದ ಕಂಡಕ್ಟರ್. ಹೆಬ್ಬಾಳದ ಸ್ಟಾಪಿನಲ್ಲಿ ಕಣ್ಣಾರೆ ನೋಡಿದವರನ್ನೇ ಬರೆದೆ. ಅಜ್ಜ ಬಸ್ಸಿಗೆ ಕೈ ತೋರಿಸುವುದಿಲ್ಲ, ಛತ್ರಿಯನ್ನೇ ಎತ್ತುತ್ತಾನೆ. ಅದಕ್ಕೆಂದು ಇನ್ನೊಂದು ಚಿತ್ರ ಬೇಕಾಯಿತು. ನಮ್ಮ ಟಿ.ವಿ.ಯಲ್ಲಿ ಅವರು ಹಳೆಯ ಫೋಟೋದಲ್ಲಿರುವವರಂತೆ ಗಂಭೀರವಾಗಿ, ಮುದ್ದಾಗಿ ಬಂದರು. ನಮ್ಮ ಯಜಮಾನರು ಕೂಡ ವಾರ್ತೆ ಮರೆತು ಸ್ವಲ್ಪ ಹೊತ್ತು ನೋಡಿದರು.

ವಾರ್ಷಿಕೋತ್ಸವದ ದಿನ ಶಾಲೆಯ ಸಮಿತಿಯ ಅಧ್ಯಕ್ಷರ ಮನೆಯಿಂದ ಕಲರ್ ಟಿ.ವಿ. ಬರುವುದಿತ್ತು. ಅದಕ್ಕೆ ಮುಂಚೆ ಒಂದು ಸಲ ಕಲರಿನಲ್ಲಿ ನೋಡಿಬಿಡೋಣ ಎಂದು ನಾದಿನಿಗೆ ಅನಿಸಿತು. ನಮ್ಮ ರಸ್ತೆಗೆ ಇದ್ದದ್ದು ಒಂದೇ ಕಲರ್ ಟಿ.ವಿ., ಕೊನೆಯ ಮನೆಯಲ್ಲಿ. ಅವರು ಇಲ್ಲಿ ಲೇಔಟ್ ಆಗುವ ಮುಂಚಿನಿಂದ ಇದ್ದವರು. ಮನೆಯ ಹಿಂದೆ ಇನ್ನೂ ಎಮ್ಮೆ ಕಟ್ಟುತ್ತಿದ್ದರು. ಕೊನೆ ಮನೆಯಮ್ಮನಿಗೆ ಟಿ.ವಿ. ಎಂದರೆ ದೇವರ ಪೆಟ್ಟಿಗೆ. ಮೇಲೆ ಕ್ರೋಶಾ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೂವು, ಮುಂದೆ ಎಳೆಯುವ ಮರದ ಬಾಗಿಲು. ಅದರ ಹಿಂದೆ ವೈರು ಚುಚ್ಚುತ್ತೇವೆ ಎಂದರೆ ಒಪ್ಪಿಯಾರೇ? ನಾನು ಎರಡು ಸಲ ಹೋಗಿ, ಕೂತು, ಎಮ್ಮೆಯ ಯೋಗಕ್ಷೇಮ ವಿಚಾರಿಸಿ ಎದ್ದು ಬಂದೆ. ಮೂರನೆಯ ಸಲ ಬಾಯಿಬಿಟ್ಟೆ. ಮಧ್ಯಾಹ್ನ ಬನ್ನಿ, ಸಂಜೆ ನಮ್ಮ ಮನೆಯವರು ನೋಡ್ತಾರೆ ಎಂದರು. ಟೇಪ್ ರೆಕಾರ್ಡರ್, ಪೆಟ್ಟಿಗೆ, ವೈರುಗಳನ್ನೆಲ್ಲ ಹೊತ್ತು ಅತ್ತಿಗೆ ನಾದಿನಿ ರಸ್ತೆಯುದ್ದಕ್ಕೂ ನಡೆದೆವು.

ಕ್ಯಾಸೆಟ್ಟು ಕಿರುಚಿ ಮುಗಿಸಿತು. ಬಸ್ಸು ಬಂತು. ಅದು ನೀಲಿಯಾಗಿತ್ತು. ಇಂಕಿನಂಥ ನೀಲಿ. ಹೆಬ್ಬಾಳದ ಸ್ಟಾಪಿನಲ್ಲಿ ನಿಂತು ಬಾಗಿಲು ತೆರೆಯಿತು. ಒಬ್ಬರ ಹಿಂದೆ ಒಬ್ಬರು ಹತ್ತಿದರು. ಎಲ್ಲರ ಮುಖವೂ ಹಸಿರು. ಅಂಥಿಂಥ ಹಸಿರಲ್ಲ, ಆಗತಾನೆ ಬಣ್ಣ ಹೊಡೆದ ಗೇಟಿನ ಹಸಿರು. ಕಂಡಕ್ಟರ್ ಆಕಾಶದ ಬಣ್ಣದ ಸಮವಸ್ತ್ರದಲ್ಲಿ ನಿಂತು ಹಸಿರು ಕೈಯಿಂದ ಚೀಲ ಹಿಡಿದಿದ್ದ.

ಕೊನೆ ಮನೆಯಮ್ಮ ಹತ್ತಿರ ಬಂದು ಬಗ್ಗಿ ನೋಡಿದರು.

"ಇದೇನವ್ವ, ಎಲ್ರ ಮೊಕಾನೂ ಅಸ್ರಾಗೈತೆ?" ಎಂದರು. "ಕಾಮಾಲೆ ಬಂದ್ರೆ ಅಳ್ದಿ ಆಗ್ತಾರೆ. ಇಂಗೆ ಅಸ್ರಾಗಿರೋದ ನಾನ್ ಎಲ್ಲೂ ಕಂಡಿಲ್ಲ."

ನಾದಿನಿ ನನ್ನ ಕಡೆ ತಿರುಗದೆ ಟಿ.ವಿ.ಯನ್ನೇ ನೋಡುತ್ತ, "ಇದು ಸಿಟಿ ಬಸ್ ಅಲ್ರಿ, ಪೊಲೀಸ್ ವ್ಯಾನ್," ಎಂದಳು. "ಪಾಪ, ಇವ್ರನ್ನೆಲ್ಲ ಎಲ್ಲಿಗೆ ಒಯ್ಲಿಕ್ಹತ್ತಾರೋ."

ಅವಳು ಹೀಗೆ ತಣ್ಣಗೆ ಮಾತಾಡುವುದು ಅಳು ಬರುವ ಮುಂಚೆ. ಕೊನೆ ಮನೆಯಮ್ಮ ನಮಗೆ ಮಜ್ಜಿಗೆ ತರಲು ಒಳಗೆ ಹೋದದ್ದು ಒಳ್ಳೆಯದಾಯಿತು. ಅಷ್ಟರಲ್ಲಿ ಎಂಟು ಚೌಕಗಳಲ್ಲಿ ಯಾವುದು ಯಾವ ಬಣ್ಣವೆಂದು ನೋಡಿಕೊಂಡು, ಮುಖಗಳಿಗೆ ಒಂದೊಂದನ್ನಾಗಿ ಹಾಕಿದೆವು. ಕೆಂಪು ಹಾಕಿದರೆ ಯಕ್ಷಗಾನದ ರಾಕ್ಷಸ. ಹಳದಿ ಹಾಕಿದರೆ ಮದುವೆಯ ಅರಿಶಿನದಿಂದ ಎದ್ದು ಬಂದವರು. ಬಿಳಿ ಹಾಕಿದರೆ ಬಸ್ಸಿನ ತುಂಬ ದೊರೆಗಳು. ಎಂಟರಲ್ಲಿ ಒಂದೂ ಕಂದು ಇರಲಿಲ್ಲ. ನಮ್ಮಂಥವರ ಮುಖ ಯಾರೂ ಬರೆಯುವುದಿಲ್ಲ ಎಂದು ಆ ಪ್ರೋಗ್ರಾಂ ಬರೆದವನು ತೀರ್ಮಾನಿಸಿಬಿಟ್ಟಿದ್ದ. ಎರಡು ಬಣ್ಣ ಬೆರೆಸೋಣ ಎಂದು ಕೆಂಪು ಹಳದಿಗಳನ್ನು ಒಂದು ಬಿಟ್ಟು ಒಂದರಂತೆ ಹಾಕಿದೆ. ಚುಕ್ಕಿ ಇಟ್ಟಿಗೆಯಷ್ಟು ದಪ್ಪವಾದ್ದರಿಂದ ಬೆರೆಯಲಿಲ್ಲ. ಅಜ್ಜನ ಮುಖ ಚದುರಂಗದ ಮಣೆಯಾಯಿತು.

ಮನೆಗೆ ಬಂದು ಜಗಳವಾಡಿದೆವು. ನಾವು ಜಗಳವಾಡುವವರೇ ಅಲ್ಲ, ಆದರೂ ಆಡಿದೆವು. ನೀವು ಹೇಳಿದಿರಿ ಅಂತ ನಂಬಿದೆ ಎಂದಳು.

"ನೀನು ಬಿ.ಎಸ್ಸಿ. ಓದಿದೋಳು ಕಣೇ, ನಾನು ಸಿನಿಮಾದಲ್ಲಿ ಸೀರೆ ನೋಡೋಳು. ಯಾರ ಮಾತು ಯಾರು ಕೇಳಬೇಕಿತ್ತು?" ಎಂದೆ.

ಇವರು ಆಫೀಸಿನಿಂದ ಬಂದು ಶೂ ಬಿಚ್ಚುತ್ತ, ಲೆಕ್ಕ ಬರೋಬರಿ ಇದ್ದರೆ ಸಾಕಲ್ಲ, ಮಂದಿ ಹಸಿರಿದ್ದರೇನು ಕೆಂಪಿದ್ದರೇನು ಎಂದು ಸಮಾಧಾನ ಹೇಳಲು ಬಂದರು. ಇಬ್ಬರೂ ಅವರ ಮೇಲೆ ತಿರುಗಿ ಬಿದ್ದೆವು. ಅದರಿಂದ ನಮ್ಮಿಬ್ಬರ ಜಗಳ ಸ್ವಲ್ಪ ತಣ್ಣಗಾಯಿತು. ಆದರೆ ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ.

"ಬಿಡ್ರಿ ವೈನಿ. ಆ ಮೇಷ್ಟ್ರು ಮಗ್ಗಿ ಮಾಡ್ಯಾರಂತ, ಬರೇ ಅಂಕಿ. ಅದಕ್ಕ ಮಾರಿ ಬ್ಯಾಡ, ಬಣ್ಣ ಬ್ಯಾಡ. ಅವ್ರs ಶಾಣ್ಯಾರು. ನಾ ಅವ್ವಗ ಬರ್ತೀನಿ ಅಂತ ಬರದ ಬಿಡ್ತೀನಿ."

ಪತ್ರ ಬರೆಯುವುದಕ್ಕಿಂತ ಕ್ಯಾಸೆಟ್ಟು ಬದಲಿಸುವುದು ಸುಲಭ ಎಂದೆ. ಮಾರನೆಯ ದಿನ ನಾಲ್ಕು ಬಣ್ಣದ್ದನ್ನು ಹಾಕಿದೆವು. ಅದರ ಚುಕ್ಕಿ ಸಣ್ಣದು. ಮುಖಕ್ಕೆ ಅಗಲದಲ್ಲಿ ಎಂಟು ಸಿಗುತ್ತದೆ, ಬೆರೆಸಿದರೆ ಬೆರೆಯಬಹುದು. ಎಂಟು ಬಣ್ಣದ ಆಸೆಯಲ್ಲಿ ಇದನ್ನೇ ನಾವು ನೋಡಿರಲಿಲ್ಲ. ಯಾವ ನಾಲ್ಕು ಎನ್ನುವುದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ಬಸ್ಸಿಗೆ ಕೆಂಪು ಬೇಕು. ಕೂದಲಿಗೆ, ಟೈರಿಗೆ ಕಪ್ಪು. ಮಲ್ಲಿಗೆಗೆ, ಅಜ್ಜನ ಪಂಚೆಗೆ ಬಿಳಿ. ನಾಲ್ಕನೆಯದು ಹಳದಿಯೋ ಹಸಿರೋ? ಅವಳಿಗೆ ದಾರಿಯ ಮರಗಳಿಗೆ ಹಸಿರು ಬೇಕಿತ್ತು. ಹಳದಿ ಬಿಟ್ಟರೆ ಮುಖಕ್ಕೆ ಏನು ಬೆರೆಸುವುದು ಎಂದೆ. ಮರ ಇಲ್ಲದಿದ್ದರೂ ಬಸ್ಸು ಹೋಗುತ್ತದೆ, ಮುಖ ಇಲ್ಲದಿದ್ದರೆ ಯಾರು ಹತ್ತುತ್ತಾರೆ? ಹಳದಿಯೇ ಉಳಿಯಿತು.

ಈಗ ಬೆರೆಸುವುದು. ನಮ್ಮ ಟಿ.ವಿ.ಯನ್ನು ನಂಬುವ ಹಾಗಿಲ್ಲ. ಕೊನೆ ಮನೆಯಮ್ಮನ ಟಿ.ವಿ.ಯನ್ನು ದಿನಾ ಕೇಳುವ ಹಾಗಿಲ್ಲ. ಕೊನೆಗೆ ನಾನು ಹೊಲಿಗೆ ಪೆಟ್ಟಿಗೆಯಿಂದ ಮ್ಯಾಟಿ ಬಟ್ಟೆಯ ತುಂಡು ತೆಗೆದು, ಅದೇ ನಾಲ್ಕು ಬಣ್ಣದ ದಾರ ಪೋಣಿಸಿ ಕೂತೆ. ಒಂದು ಚುಕ್ಕಿಗೆ ಒಂದು ಹೊಲಿಗೆ. ಕೆಂಪು ಹಳದಿ ಸಮಸಮ ಹಾಕಿದೆ. ನಮ್ಮ ಸಿಸ್ಟರ್ ಹೊಲಿಗೆಯನ್ನು ಹತ್ತಿರದಿಂದ ನೋಡಲು ಬಿಡುತ್ತಲೇ ಇರಲಿಲ್ಲ. ಬಾಗಿಲ ತನಕ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಿ ಎನ್ನುತ್ತಿದ್ದರು. ಬಟ್ಟೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಬಾಗಿಲಿಗೆ ಹೋಗಿ ನೋಡಿದರೆ ಅಜ್ಜ ಆಂಜನೇಯನಾಗಿದ್ದ, ಅಪ್ಪಟ ಸಿಂಧೂರ. ಬಿಚ್ಚಿದೆ. ಅಲ್ಲೊಂದು ಇಲ್ಲೊಂದು ಕಪ್ಪು ಸೇರಿಸಿದೆ. ಹೆಚ್ಚಾಗಿ ಸೀದ ರೊಟ್ಟಿಯಾಯಿತು. ಮತ್ತೆ ಬಿಚ್ಚಿದೆ. ಕಪ್ಪನ್ನು ಸಾಲಾಗಿ ಹಾಕಿದರೆ ಗಡ್ಡ ಬಂದಂತೆ ಕಾಣುತ್ತದೆ, ಚದುರಿಸಿದರೆ ಮೈಬಣ್ಣ ಬರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಬಟ್ಟೆ ಜಾಳಾಗಿತ್ತು. ಬೇಳೆ ತೊಳೆಯುತ್ತ ಅರ್ಧಕ್ಕೆ ಬಿಟ್ಟು ಬಂದು ಒಂದು ಹೊಲಿಗೆ ಹಾಕುತ್ತಿದ್ದೆ. ಹಾಲಿನವನು ಬಂದರೆ ಹಾಲು ಹಾಕಿಸಿಕೊಳ್ಳುತ್ತ ಅವನ ಕೆನ್ನೆ ನೋಡುತ್ತಿದ್ದೆ. ಅವನು ಮಾರನೆಯ ದಿನದಿಂದ ಪಾತ್ರೆ ಇಡಿ ಎಂದು ಹೊರಗಿನಿಂದಲೇ ಕೂಗಲು ಶುರು ಮಾಡಿದ.

ಕೆಲವು ತಾವಾಗಿಯೇ ಕೂಡಿ ಬಂದವು. ಕಪ್ಪು ಹಳದಿ ಒಂದು ಬಿಟ್ಟು ಒಂದು ಹಾಕಿದರೆ ಕಂಡಕ್ಟರಿಗೆ ಒಗೆದು ಒಗೆದು ಮಾಸಿದ ಖಾಕಿ ಸಿಕ್ಕಿತು. ಕೆಂಪು ಬಿಳಿ ಸೇರಿ ಹೆಂಗಸಿಗೆ ಗುಲಾಬಿ ಸೀರೆಯಾಯಿತು. ಮುಖಗಳಿಗೆ ಒಂದೇ ಮಿಶ್ರಣ ಸಾಕು ಎಂದು ನಾದಿನಿ ಹೇಳಿದಳು. ಅವಳ ಪ್ರೋಗ್ರಾಮಿಗೆ ಅದು ಸುಲಭ. ಸಿಟಿ ಬಸ್ಸಿನಲ್ಲಿ ಎಲ್ಲರದೂ ಒಂದೇ ಬಣ್ಣವೇನೇ ಎಂದು ಕೇಳಿದೆ. ಅವಳು ತನ್ನ ಕೈಯನ್ನೂ ನನ್ನ ಕೈಯನ್ನೂ ಪಕ್ಕದಲ್ಲಿಟ್ಟು ನೋಡಿ ನಿಟ್ಟುಸಿರು ಬಿಟ್ಟು, ಇನ್ನೆರಡು ಮಿಶ್ರಣಕ್ಕೆ ಜಾಗ ಮಾಡಿದಳು. ಮರಗಳ ತಕರಾರು ಮಾತ್ರ ಮುಗಿದಿರಲಿಲ್ಲ. ಹಸಿರಿಲ್ಲದ ದಾರಿ ಬೋಳಾಗಿ ಕಾಣುತ್ತದೆ ಎಂದು ಅವಳ ಗೊಣಗಾಟ. ಆಗ ಬೀದಿಯಲ್ಲಿ ಗುಲ್‌ಮೊಹರ್ ಹೂ ಬಿಡುವ ಕಾಲ ಹತ್ತಿರವಾಗಿತ್ತು. ಹೂವಿನ ಭರದಲ್ಲಿ ಆ ಮರದಲ್ಲಿ ಎಲೆಯೇ ಕಾಣುವುದಿಲ್ಲವಲ್ಲ! ಕಪ್ಪು ಕಾಂಡ, ಮೇಲೆ ಕೆಂಪು ಹಳದಿ ಚೆಲ್ಲಿದೆ. ಬ್ಯಾಟರಾಯನಪುರದ ದಾರಿಯಲ್ಲಿ ಅಷ್ಟು ಗುಲ್‌ಮೊಹರ್ ಯಾವತ್ತೂ ಇರಲಿಲ್ಲ.

ಎಲ್ಲವನ್ನೂ ಬಟ್ಟೆಯಿಂದ ಪರದೆಗೆ ಚುಕ್ಕಿ ಚುಕ್ಕಿಯಾಗಿ ಇಳಿಸಿ, ಮತ್ತೆ ಗಂಟು ಮೂಟೆ ಹೊತ್ತು ಕೊನೆ ಮನೆಗೆ ಹೋದೆವು. ಬಸ್ಸು ಕೆಂಪು. ನಿಂತಿದ್ದ ಜನ ಜನರಂತೆಯೇ ಇದ್ದರು. ಅಷ್ಟರಲ್ಲಿ ಬಸ್ಸು ಹೊರಟಿತು. ಹೊರಟ ಕೂಡಲೇ ಕಿಟಕಿಯಲ್ಲಿದ್ದ ಮುಖಗಳೆಲ್ಲ ಮಿಣಮಿಣ ಎನ್ನತೊಡಗಿದವು, ಬಾಣಲೆಯಲ್ಲಿ ಎಣ್ಣೆ ಕುದಿಯುವ ಹಾಗೆ.

"ಮೊಕದ್ ಮ್ಯಾಲೆ ಇರುವೆ ಅರ್ದಂಗೈತಲ್ಲವ್ವ," ಎಂದರು ಕೊನೆ ಮನೆಯಮ್ಮ. "ಮೊದಲ್ನೇವ್ರೇ ವಾಸಿ, ಅಸ್ರಾಗಿದ್ರೂ ಸುಮ್ನೆ ಕೂತಿದ್ರು."

ನನಗೆ ಸಾಕಾಗಿ ಹೋಯಿತು. ನನ್ನ ಕೈಯಲ್ಲಿ ಇನ್ನಾಗುವುದಿಲ್ಲ, ಬಿಚ್ಚಲು ದಾರವೂ ಇಲ್ಲ ಎಂದು ಅಲ್ಲೇ ಹೇಳಿಬಿಟ್ಟೆ. ಆದರೆ ಈ ಸಲ ನಾದಿನಿ ತಣ್ಣಗಾಗಲಿಲ್ಲ. ಪರದೆಗೆ ಮೂಗು ಹಚ್ಚಿ ಕೂತು, ಬಸ್ಸನ್ನು ನಿಲ್ಲಿಸಿ ಓಡಿಸಿ, ನಿಲ್ಲಿಸಿ ಓಡಿಸಿ ನೋಡಿದಳು. ಬಸ್ಸು ಒಂದೊಂದೇ ಚುಕ್ಕಿ ಸರಿಯುವಾಗ ಕೆಂಪು ಇದ್ದಲ್ಲಿಗೆ ಹಳದಿ, ಹಳದಿ ಇದ್ದಲ್ಲಿಗೆ ಕೆಂಪು ಬಂದು ಕಣ್ಣಿಗೆ ಕುಣಿದಂತೆ ಕಾಣುತ್ತಿತ್ತು. ಎರಡೆರಡು ಚುಕ್ಕಿ ಸರಿಸಿದರೆ ಕೆಂಪಿನ ಜಾಗಕ್ಕೆ ಕೆಂಪೇ ಬರುತ್ತದೆ. ಒಂದು ಅಂಕಿ ಬದಲಿಸಿದಳು. ಮುಖಗಳು ಶಾಂತವಾದವು. ಬಸ್ಸು ಮಾತ್ರ ಸ್ವಲ್ಪ ಕುಲುಕಾಡುತ್ತ ಹೋಯಿತು.

ಯಲಹಂಕದ ರಸ್ತೆ ಹಂಗs ಅದ ಬಿಡ್ರಿ ಎಂದಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಅವತ್ತು.

ವಾರ್ಷಿಕೋತ್ಸವದ ದಿನ ನಾನೂ ಹೋದೆ. ಗೆಸ್ಟುಗಳ ಭಾಷಣ ಮುಗಿಯುವ ಹೊತ್ತಿಗೆ ಕ್ಯಾಸೆಟ್ಟು ಎರಡು ಸಲ ಕೈಕೊಟ್ಟಿತ್ತು. ನಾದಿನಿಯ ಕುಪ್ಪಸ ಬೆನ್ನಿಗೆ ಅಂಟಿತ್ತು. ಮೇಷ್ಟ್ರ ಮಗ್ಗಿ ಮೊದಲು. ಅಂಕಿಗಳು ಚೊಕ್ಕವಾಗಿ ಮೇಲಿಂದ ಇಳಿದವು, ಒಂದೂ ತಪ್ಪಲಿಲ್ಲ. ಸಮಿತಿಯವರೆಲ್ಲ ತಲೆದೂಗಿದರು. ಆಮೇಲೆ ನಮ್ಮ ಬಸ್ಸು. ಹೆಡ್ ಮಿಸ್ ಗೆಸ್ಟುಗಳನ್ನು ಹಿಂದಕ್ಕೆ ಕೂರಿಸಿ, ಎರಡನೇ ಕ್ಲಾಸಿನ ಮಕ್ಕಳನ್ನು ಟಿ.ವಿ.ಯ ಮುಂದೆ ನೆಲದ ಮೇಲೆ ಕೂರಿಸಿದರು. ಮೊದಲನೆಯ ಸ್ಟಾಪಿನಲ್ಲೇ ಮಕ್ಕಳು ಲೆಕ್ಕ ಬಿಟ್ಟು ಜನರನ್ನು ನೋಡತೊಡಗಿದರು. ಒಬ್ಬಳು ಕೀಲಿ ಒತ್ತಲು ಬಂದು ಒತ್ತದೆ ನಿಂತಳು. ಬ್ಯಾಟರಾಯನಪುರದಲ್ಲಿ ಇಬ್ಬರು ಇಳಿದಿದ್ದರು. ಎಷ್ಟಮ್ಮ ಉಳಿದರು ಎಂದು ನಾದಿನಿ ಕೇಳಿದಳು. ಆ ಮಗು ಪರದೆಗೆ ಬೆರಳಿಟ್ಟು, "ಮಿಸ್, ಅಜ್ಜ ಇನ್ನೂ ನಿಂತೇ ಇದಾರೆ. ಸೀಟು ಕೊಡಿಸಿ, ಆಮೇಲೆ ಹೇಳ್ತೀನಿ," ಎಂದಿತು.

ಹಿಂದೆ ಕೂತವರು ನಕ್ಕರು. ಹೆಡ್ ಮಿಸ್ ನಗಲಿಲ್ಲ, ಮಕ್ಕಳನ್ನೇ ನೋಡುತ್ತಿದ್ದರು. ಮಕ್ಕಳು ಜಾಗ ಬಿಟ್ಟು ಏಳಲೇ ಇಲ್ಲ. ಇನ್ನೊಂದು ಸ್ಟಾಪ್ ಎಂದರು, ಮತ್ತೊಂದು ಸ್ಟಾಪ್ ಎಂದರು. ಕೂಡಿದರು, ಕಳೆದರು, ತಪ್ಪಿದರೆ ತಮ್ಮೊಳಗೇ ಬೈದುಕೊಂಡು ಸರಿ ಮಾಡಿದರು. ಸಭೆ ಮುಗಿದ ಮೇಲೆ ಹೆಡ್ ಮಿಸ್ ನಾದಿನಿಯನ್ನು ಆಫೀಸಿಗೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ವೈರುಗಳ ಗಂಟು ಹಿಡಿದು ಕೂತೆ. ಎಷ್ಟು ಹೊತ್ತಾದರೂ ಬರಲಿಲ್ಲ. ಬಂದವಳು ನನ್ನ ಪಕ್ಕ ಕೂತು, ನನ್ನ ಸೆರಗಿನ ತುದಿಯಿಂದ ತನ್ನ ಮುಖ ಒರೆಸಿಕೊಂಡಳು.

"ಜೂನ್‌ದಿಂದ ಖಾಯಂ, ವೈನಿ. ಅಣ್ಣಗ ನೀವs ಹೇಳ್ರಿ. ನಾ ಹೇಳಿದ್ರ ಅಳು ಬರ್ತದ."

ಇವರಿಗೆ ನಾನೇ ಹೇಳಿದೆ. ಅವ್ವನಿಗೆ ಯಾರು ಬರೆಯುವುದು ಎಂದು ಅಣ್ಣ ತಂಗಿ ಕಾಗದವನ್ನು ಒಬ್ಬರ ಕಡೆಗೊಬ್ಬರು ತಳ್ಳಿದರು. ಕೊನೆಗೆ ಅವಳೇ ಬರೆದಳು, ಬರುವುದಿಲ್ಲ ಎಂದು, ಒಂದೇ ಪುಟ.

ಖಾಯಂ ಎಂದರೆ ಏನು ಎನ್ನುವುದು ನನಗೆ ಗೊತ್ತಾದದ್ದು ಪರೀಕ್ಷೆ ಮುಗಿದು ರಜೆ ಶುರುವಾದಾಗ. ಜೂನ್‌ಗೆ ಮುಂಚೆ ವಿಜ್ಞಾನದ ಪಾಠಗಳೂ ಹೀಗೇ ತಯಾರಾಗಲಿ ಎಂದು ಹೆಡ್ ಮಿಸ್ ಪೆಟ್ಟಿಗೆಯನ್ನು ಮತ್ತೆ ಕಳಿಸಿಕೊಟ್ಟರು. ಮೊದಲನೆಯ ಪಾಠ ಕೆರೆ. ಅದರಲ್ಲಿ ಕಪ್ಪೆ, ಮೊಟ್ಟೆ, ಗೊದಮೊಟ್ಟೆ, ತಾವರೆ. ನಾದಿನಿ ನಡುಮಧ್ಯಾಹ್ನ ನನ್ನನ್ನು ಕಾಫಿ ಲೋಟದ ಸಮೇತ ಟಿ.ವಿ.ಯ ಮುಂದೆ ಕೂರಿಸಿ, ಯಾವ ನಾಲ್ಕು ಬಣ್ಣ ಹೇಳ್ರಿ ಎಂದಳು. ನೀರಿಗೆ ನೀಲಿ, ಕಪ್ಪೆಗೆ ಹಸಿರು, ಮೊಟ್ಟೆಗೆ ಬಿಳಿ ಎಂದೆ. ಮೊಟ್ಟೆಯೊಳಗಿನ ಚುಕ್ಕೆಗೆ ಕಪ್ಪು ಬೇಕೇ ಬೇಕು ಎಂದಳು. ತಾವರೆಗೆ ಕೆಂಪು ಬೇಡವಾ ಎಂದೆ. ಬಿಳಿ ತಾವರೆ ಮಾಡ್ರಿ ಎಂದಳು. ಬಿಳಿ ತಾವರೆ ಯಾವ ಕೆರೆಯಲ್ಲಿ ನೋಡಿದ್ದೀಯೇ, ಹೆಬ್ಬಾಳದ ಕೆರೆಯಲ್ಲಂತೂ ಇಲ್ಲ ಎಂದೆ. ಹಂಗಾದ್ರ ಕಪ್ಪಿ ಬಿಡೋಣೇನು ಎಂದು ಕೇಳಿದಳು, ಕಪ್ಪೆಯ ಪಾಠದಲ್ಲಿ. ಕಾಫಿ ಆರುತ್ತಿತ್ತು, ಒಳಗೆ ಕುಕ್ಕರ್ ಕೂಗುತ್ತಿತ್ತು, ಇಬ್ಬರೂ ಏಳಲಿಲ್ಲ.